ಸಾತ್ ಸವಾರದ ಕೊನೆಯ ಡಬ್ಬಿ

"ಜಮಾದಾರ ಸಾಹೇಬ್ರ, ಹನ್ನೊಂದೇ ಅವ್ರಿ! ಹನ್ನೆರಡನೇ ಡಬ್ಬಿ ಇಲ್ರಿ!"

ಠಾಣೆಗೆ ಓಡಿ ಬಂದವನು ಅಬ್ದುಲ ಸಮದ, ಭಾಲ್ಕಿಯ ಡೇರಾ ಟಾಕೀಸಿನ ಆಪರೇಟರ. ಬೆಳಗಿನ ರೈಲಿಗೆ ಬೀದರದಿಂದ ಸಿನಿಮಾದ ಪೆಟ್ಟಿಗೆ ತಂದಿದ್ದ. ತೆರೆದು ನೋಡಿದರೆ ಕೊನೆಯ ರೀಲು ಮಾಯ. ಸಂಜೆ ಇಲ್ಲಿ ಆಟ, ನಾಳೆ ಔರಾದದಲ್ಲಿ. ಡಬ್ಬಿ ಸಿಗದಿದ್ದರೆ ಅವನ ನೌಕರಿ ಹೋದಂತೆಯೇ.

ಅದೂ ಯಾವ ಸಿನಿಮಾ? 'ಸಾತ್ ಸವಾರ'!

ನಾನು ಮಚ್ಛೇಂದ್ರ. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ವರ್ಷವಾಯಿತು. ಕಾಗದದಲ್ಲಿ ನಾನು ಹೆಡ್ ಕಾನ್‌ಸ್ಟೇಬಲ್, ಊರ ಬಾಯಲ್ಲಿ ಇನ್ನೂ ಜಮಾದಾರ. ಹೈದರಾಬಾದದಿಂದ ಬರುವ ಪುಟಪುಟಕ್ಕೂ ಚಿತ್ರವಿರುವ ಉರ್ದು ಕತೆ 'ಸಾತ್ ಸವಾರ'ದ ಇಪ್ಪತ್ತೂ ಪುಸ್ತಕ ನನ್ನ ಮೇಜಿನ ಖಾನೆಯಲ್ಲಿವೆ. ಏಳು ವೀರರ ದಂಡು. ಒಬ್ಬ ಹಾರುತ್ತಾನೆ, ಒಬ್ಬ ಗುಡ್ಡ ಎತ್ತುತ್ತಾನೆ. ಏಳನೆಯವನು ಚಾಂದ. ಕುಂಟ. ಅವನ ಕೆಲಸ ದಂಡಿಗೆ ನೀರು ಹೊರುವುದು ಮಾತ್ರ. ಬರೇ ಬಲಾಢ್ಯರನ್ನೇ ಕೂಡಿಸಿದರೆ ಅದು ದಂಡಲ್ಲ, ದೊಂಬಿ. ಚಾಂದ ಇದ್ದಾನೆಂದೇ ಉಳಿದ ಆರು ಮಂದಿ ಹೊಡೆದಾಡದೆ ಒಟ್ಟಿಗಿದ್ದಾರೆ. ಯಾರಾದರೂ ಇದನ್ನು ಅಲ್ಲವೆಂದರೆ ನಾನು ಜಗಳಕ್ಕೇ ನಿಲ್ಲುವವನು. ಇನ್ನು ಆ ಕತೆಯನ್ನು ಸಿನಿಮಾ ಮಾಡಿದವರು! ಪೋಸ್ಟರಿನಲ್ಲಿ ಏಳು ಸವಾರರಿಗೆ ಐದೇ ಕುದುರೆ. ಪುಸ್ತಕದ ಒಂದು ಗೆರೆ ತಿದ್ದಿದರೂ ಇಂಥವರ ಕೈಗೆ ಕೋಳ ಹಾಕಬೇಕು.

"ಕಡೇ ಡಬ್ಬಿಯಾಗ ಏನದ ಅಂದ್ರ ಸಾಹೇಬ್ರ, ಆ ಚಾಂದ..." ಸಮದ ಶುರು ಮಾಡಿದ.

"ಬಾಯಿ ಮುಚ್ಚು! ನಾ ಇನ್ನಾ ಸಿನಿಮಾ ನೋಡಿಲ್ಲ. ಕತಿ ಹೇಳಿದ್ರ ನಿನ್ನೇ ಒಳಗ ಹಾಕ್ತೇನಿ. ಸ್ಟೇಷನ್ನಿಂದ ಹ್ಯಾಂಗ ಬಂದಿ, ಅದನ್ನ ಹೇಳು."

"ಖಾಸಿಂ ಅಲಿ ಚಾಚಾನ ಟಾಂಗಾದಾಗ್ರಿ. ನಾಟಕದ ಗೋರಖನಾಥ ಮಾಸ್ತರೂ ಕೂತಿದ್ರು. ಗಂಜ್ ಬಜಾರದಾಗ ನಾ ಚಾ ಕುಡಿಲಾಕ ಇಳದೆ. ಪೆಟ್ಟಿಗಿ ಅವರಿಬ್ಬರ ಹತ್ರನೇ ಇತ್ರಿ."

* * *

ಗೋರಖನಾಥ ಮಾಸ್ತರ ಹಾರ್ಮೋನಿಯಂ ಒರೆಸುತ್ತ ಕೂತಿದ್ದ. ಟಾಕೀಸು ಬಂದಾಗಿನಿಂದ ಅವನ ನಾಟಕಕ್ಕೆ ನೊಣವೂ ಬರುತ್ತಿರಲಿಲ್ಲ.

"ಡಬ್ಬಿ ಎಲ್ಲದ ಮಾಸ್ತರ?"

"ಸಿನಿಮಾ ಹಾಳಾಗ್ಲಿ ಅಂತ ದಿನಾ ಬೇಡ್ಕೋತೇನ್ರಿ, ಖರೇ. ಆದ್ರ ನಾ ಕಳವು ಮಾಡೂದಾದ್ರ ಮೊದಲ್ನೇ ಡಬ್ಬಿ ಒಯ್ತಿದ್ದೆ. ಆಟನೇ ಚಾಲೂ ಆಗಬಾರದಲ್ರೀ! ಕಡೇದು ಒಯ್ದು ಏನ್ ಉಪ್ಪಿನಕಾಯಿ ಹಾಕ್ಲಿ?"

ಮನೆಯೆಲ್ಲ ಹುಡುಕಿದೆ. ಏನೂ ಸಿಗಲಿಲ್ಲ. ಆದರೆ ಅವನ ಮಾತು ತಲೆಯಲ್ಲಿ ಕೂತಿತು. ಹನ್ನೆರಡನೆಯ ಡಬ್ಬಿ ಇದ್ದದ್ದು ಪೆಟ್ಟಿಗೆಯ ತಳದಲ್ಲಿ. ಹನ್ನೊಂದನ್ನು ಎತ್ತಿಟ್ಟು ಅದೊಂದನ್ನೇ ತೆಗೆದಿದ್ದಾರೆ. ಕಳ್ಳನಿಗೆ ಆಟ ನಿಲ್ಲುವುದು ಬೇಕಿರಲಿಲ್ಲ. ಕೊನೆ ಮಾತ್ರ ಬೇಡವಾಗಿತ್ತು. ಅಂದರೆ ಕೊನೆಯಲ್ಲಿ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಇಪ್ಪತ್ತನೆಯ ಪುಸ್ತಕ ಓದಿದ್ದ!

ಅದರಲ್ಲಿ ಚಾಂದ ಬಾಣ ತಾಗಿ ಸಾಯುತ್ತಾನೆ. ಓದಿ ನಾನು ಎರಡು ದಿನ ಸರಿಯಾಗಿ ಉಂಡಿರಲಿಲ್ಲ. ಕರೀಮ ಸಾಬನ ಅಂಗಡಿಗೆ ಆ ಪುಸ್ತಕ ಬಂದದ್ದು ಎರಡೇ ಪ್ರತಿ. ಒಂದು ನಾನು ಕೊಂಡೆ. ಇನ್ನೊಂದನ್ನು ನನ್ನ ಕಣ್ಣೆದುರೇ ಕೊಂಡವರು ಟಾಂಗಾದ ಖಾಸಿಂ ಅಲಿ.

ಊರಿಗೇ ಪ್ರಾಮಾಣಿಕ ಮನುಷ್ಯ. ಅವರಿಗೆ ಇದರಿಂದ ಏನು ಲಾಭ?

* * *

ಖಾಸಿಂ ಅಲಿ ಕುದುರೆಗೆ ನೀರು ಕುಡಿಸಲು ಹೋಗಿದ್ದರು. ಅಂಗಳದಲ್ಲಿ ಅವರ ಹೆಂಡತಿ ಇಮಾಮಬೀ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಆಕೆಗೆ ಕಣ್ಣು ಕಾಣುವುದಿಲ್ಲ.

"ಜಮಾದಾರ ಬಂದೀನಿ ಚಾಚಿ."

"ಬರ್ರಿ, ಕೂಡ್ರಿ. ಇವತ್ತ ನಾವು ಟಾಕೀಸಿಗಿ ಹೋಗ್ತೇವ್ರಿ! ಕಣ್ಣಿಲ್ಲಂದ್ರ ಏನಾತು, ಕಿವಿ ಅವಲ್ಲ. ಮನ್ಯಾಗ ಇವರು ಪುಸ್ತಕದ ಚಿತ್ರ ಒಂದೊಂದೇ ನೋಡಿ ನನಗ ಕತಿ ಹೇಳ್ತಾರ. ಆ ಚಾಂದ ನಮ್ಮ ಮಕ್ಬೂಲ ಇದ್ದಂಗ ಅದಾನ್ರಿ."

ಮಕ್ಬೂಲ ಅವರ ಒಬ್ಬನೇ ಮಗ. ಒಂಬತ್ತು ವರ್ಷದ ಹಿಂದೆ, ಪೊಲೀಸ್ ಕಾರ್ಯಾಚರಣೆಯ ಗಲಾಟೆಯ ದಿನಗಳಲ್ಲಿ ಮನೆಯಿಂದ ಹೋದವನು ತಿರುಗಿ ಬಂದಿಲ್ಲ. ಈ ತಾಯಿ ಇವತ್ತಿಗೂ ಅವನ ಅಂಗಿ ಒಗೆದು ಬಿಸಿಲಿಗೆ ಹಾಕುತ್ತಾರೆ.

"ಕಡೀಕ ಚಾಂದಗ ಏನಾಗ್ತದ ಚಾಚಿ?"

"ಏನಾಗ್ತದ! ಮಾಂಜ್ರಾ ಹೊಳಿ ದಾಟಿ ಮನಿಗಿ ಬರ್ತಾನ. ತಾಯಿ ಬಡದ ರೊಟ್ಟಿ ತಿಂತಾನ."

ಇಪ್ಪತ್ತು ಪುಸ್ತಕದಲ್ಲಿ ಎಲ್ಲಿಯೂ ನಮ್ಮ ಸೀಮೆಯ ಮಾಂಜ್ರಾ ಇಲ್ಲ. ಚಾಂದನಿಗೆ ತಾಯಿಯೇ ಇಲ್ಲ. ನನಗೆ ಎಲ್ಲ ಗೊತ್ತಾಯಿತು. ತಲೆ ಎತ್ತಿದರೆ ಬಾಗಿಲಲ್ಲಿ ಖಾಸಿಂ ಅಲಿ. ಸದ್ದಿಲ್ಲದೆ ಕೈ ಮುಗಿದು ನನ್ನನ್ನು ಹೊರಗೆ ಕರೆದರು.

"ಮಾಸ್ತರ ಬೀಡಿ ತರ್ಲಾಕ ಇಳದಾಗ ತಗದೆ. ಹುಲ್ಲಿನ ಚೀಲದಾಗ ಅದ್ರಿ ಡಬ್ಬಿ," ಎಂದರು. "ಚಾಂದ ಸತ್ತ ಅಂತ ಈ ಬಾಯಿಲೆ ಹ್ಯಾಂಗ ಹೇಳ್ಲಿ ಸಾಹೇಬ್ರ? ಅಂವ ಬಂದ ಅಂದ್ರ ಮಕ್ಬೂಲನೂ ಬರ್ತಾನ ಅಂತ ಕೂತಾಳ. ಅಲ್ಲಿ ಕೇಳಿದ್ರ ಎದಿ ಒಡದ ಹೋಗ್ತದ್ರಿ ಆಕಿಂದು. ಆಟ ಮುಗದ ಮ್ಯಾಲ ವಾಪಸ್ ಇಡ್ತಿದ್ದೆ, ಖುದಾನ ಆಣಿ."

ನನಗೂ ಕಣ್ಣು ತುಂಬಿ ಬಂತು. ಆದರೆ ಸಮದನದೂ ಹೊಟ್ಟೆಪಾಡಲ್ಲವೇ?

"ಡಬ್ಬಿ ಕೊಡ್ರಿ ಚಾಚಾ. ಕೇಸ್ ಮಾಡಂಗಿಲ್ಲ. ಹನ್ನೊಂದನೇ ರೀಲ ಮುಗೀತಿದ್ದಂಗ ಚಾಚಿನ ಎಬ್ಬಿಸಿ ಮನಿಗಿ ಕರ್ಕೊಂಡ ಹೋಗ್ರಿ."

ಸಮದನಿಗೆ ಡಬ್ಬಿ ಮುಟ್ಟಿಸಿದೆ. ಕಾರಣ ಹೇಳಲಿಲ್ಲ.

* * *

ಸಂಜೆ ಡೇರೆ ತುಂಬಿತ್ತು. ಹನ್ನೊಂದನೆಯ ರೀಲು ಮುಗಿದು ದೀಪ ಹತ್ತಿತು.

"ನಡಿ, ಮುಗೀತು," ಎಂದರು ಖಾಸಿಂ ಅಲಿ.

"ಎಲ್ಲಿ ಮುಗೀತ್ರಿ? ಚಾಂದ ಇನ್ನಾ ಮನಿಗಿ ಬಂದಿಲ್ಲ. ನಾ ಏಳಂಗಿಲ್ಲ."

ಎಷ್ಟು ಹೇಳಿದರೂ ಏಳಲಿಲ್ಲ. ಹನ್ನೆರಡನೆಯದು ಶುರುವಾಯಿತು. ಸುಯ್ಯೆಂದು ಬಾಣ ಬಂತು. ಚಾಂದ ಬಿದ್ದ. ಇಮಾಮಬೀ ಗಂಡನ ಕೈಯನ್ನು ಗಟ್ಟಿಯಾಗಿ ಹಿಡಿದರು. ನಾನು ಪೊಲೀಸನಾದರೂ ಕಣ್ಣು ಮುಚ್ಚಿಕೊಂಡೆ.

ಇದ್ದಕ್ಕಿದ್ದಂತೆ ತಬಲಾ, ಬಾಜಾ! ಕಣ್ಣು ಬಿಟ್ಟರೆ ಚಾಂದ ಎದ್ದು ಹಾಡುತ್ತಿದ್ದಾನೆ! ಬಾಣ ತಾಗಿದ್ದು ಹೆಗಲ ಮೇಲಿನ ನೀರಿನ ಚೀಲಕ್ಕಂತೆ. ಪುಸ್ತಕದಲ್ಲಿ ಇದರ ಸುಳಿವೂ ಇಲ್ಲ. ಬೇರೆ ದಿನವಾಗಿದ್ದರೆ ಠಾಣೆಯಲ್ಲಿ ವಾರವಿಡೀ ಬೈಯುತ್ತಿದ್ದೆ. ಅವತ್ತು ಆ ಸಿನಿಮಾದವರು ಸಿಕ್ಕಿದ್ದರೆ ಕಾಲಿಗೆ ಬೀಳುತ್ತಿದ್ದೆ.

ಹಿಂದೆ ಯಂತ್ರದ ಬಳಿ ಸಮದ ನಗುತ್ತಿದ್ದ. "ಮುಂಜಾನಿ ಇದನ್ನೇ ಹೇಳ್ಲಾಕ ಹೋದ್ರ ಬಾಯಿ ಮುಚ್ಚಿಸಿದ್ರಿ!"

ಹೌದಪ್ಪ. ಕೇಳಿದ್ದರೆ ಚಾಚಾ ಆ ಹೊತ್ತೆಲ್ಲ ಹೆದರಿ ಸಾಯಬೇಕಿರಲಿಲ್ಲ. ತಪ್ಪು ನನ್ನದೇ.

ಹೊರಗೆ ಖಾಸಿಂ ಅಲಿ ಇನ್ನೂ ಬಿಕ್ಕುತ್ತಲೇ ಟಾಂಗಾ ಹೂಡುತ್ತಿದ್ದರು.

"ಸಿನಿಮಾ ಹ್ಯಾಂಗಿತ್ತು ಚಾಚಿ?" ಕೇಳಿದೆ.

ಇಮಾಮಬೀ ಮುಖ ಸಿಂಡರಿಸಿದರು. "ಹಾಡು ಭಾಳ ಆತ್ರಿ. ಹೊಳಿ ಇಲ್ಲ, ರೊಟ್ಟಿ ಇಲ್ಲ." ಆಮೇಲೆ ತಡವುತ್ತ ಗಂಡನ ತೋಳು ಹಿಡಿದರು.

"ಅಳಬ್ಯಾಡ್ರಿ. ಪುಸ್ತಕದಾಗ ಅಂವ ಬದುಕಂಗಿಲ್ಲ ಅಂತ ನನಗ ಎಂದೋ ಗೊತ್ತದ. ಅಂವ ಸಾಯೂ ಪುಟ ಬಂದಾಗ ನಿಮ್ಮ ದನಿ ನಡುಗಿತ್ತು. ಮನಿಗಿ ಹೋಗಿ ಇನ್ನೊಮ್ಮಿ ನೀವೇ ಹೇಳ್ರಿ. ನೀವ್ ಹೇಳಿದ್ರ ಅಂವ ಬರ್ತಾನ."