ಹನ್ನೆರಡು ಬತ್ತಕ್ಕೊಂದು ಸೈನು

ದಿಲೀಪ್ ಎಂಬ ಆಸಾಮಿಯ ಮೇಲೆ ನನಗೆ ಮೊದಲ ದಿನವೇ ಅನುಮಾನ ಬಂತು.

ತೊಂಬತ್ತಾರರ ಏಪ್ರಿಲ್. ಪಾಂಡವಪುರದ ಕೃಷಿ ಕಚೇರಿಯಲ್ಲಿ ಬೀಜ ತಪಾಸಣೆ ಮಾಡುವವನು ಅವನೇ. ತೊಣ್ಣೂರು, ಶೀಳನೆರೆ, ಗೋವಿಂದನಹಳ್ಳಿ ಸುತ್ತಿ ನಾನು ಕೂಡಿಸಿದ ಹನ್ನೆರಡು ಬಗೆಯ ನಾಟಿ ಬತ್ತ ನನ್ನ ಜೊತೆ ಜಪಾನಿನ ಯೂನಿವರ್ಸಿಟಿಗೆ ಹೋಗಬೇಕಿತ್ತು. ದೆಹಲಿಯ ಅನುಮತಿ ಬಂದಾಗಿತ್ತು. ಬೀಜಕ್ಕೆ ಹುಳ, ರೋಗ ಇಲ್ಲವೆಂದು ಇವನ ಸೈನು ಬಿದ್ದರೆ ಸೋಮವಾರದ ವಿಮಾನ. ಬೀಳದಿದ್ದರೆ ಅಲ್ಲಿಯ ಬಿತ್ತನೆ ತಪ್ಪಿ, ನನ್ನ ಸಂಶೋಧನೆ ಒಂದು ವರ್ಷ ಹಿಂದೆ.

ಅವನು ಪೊಟ್ಟಣ ಬಿಚ್ಚಿದ. ಬೀಜ ನೋಡುವುದು ಬಿಟ್ಟು ನನ್ನನ್ನು ನೋಡಿದ.

“ಇದೇನ್ ಮೇಡಂ, ಬೂದಿ? ಬೇವಿನೆಲೆ ಬೇರೆ!”

“ಶೀಳನೆರೆ ಮಾದಮ್ಮ ಕೊಟ್ಟಿದ್ದು. ನಮ್ ಕಡೆ ಬೀಜ ಇಂಗೇ ತಾನೆ ಇಡೋದು? ಉಳ ಬೀಳಲ್ಲ.”

“ನಮ್ಮವ್ವನೂ ಇಂಗೇ ಇಡೋದು. ಆದ್ರೆ ಬೀಜದ ಜೊತೆ ಒಂದೆಲೆ ಇದ್ರೂ ಅಲ್ಲಿ ಪೆಟ್ಟಿಗೇನೇ ಸುಟ್ಟಾಕ್ತಾರೆ. ಕೇರ್ಕಂಡು ಬನ್ನಿ.”

ಕೇರಿಕೊಂಡು ಹೋದೆ. ಮೂರು ಎಲೆಚೂರು ಹುಡುಕಿ ತೆಗೆದು ವಾಪಸ್ ಕಳಿಸಿದ. ಮತ್ತೆ ಹೋದೆ. ಆ ಸಲ ತಾನೇ ಮೊರ ತಂದು, ಎದುರಿಗೆ ಕೂತು, ಕಾಳು ಕಾಳು ಆರಿಸಿದ. ನನ್ನ ಬೆರಳಿನ ಹತ್ತಿರ ಬಂದಾಗೆಲ್ಲ ಅವನ ಬೆರಳು ತಟಕ್ಕನೆ ನಿಲ್ಲುತ್ತಿತ್ತು. ಕತ್ತೆತ್ತಿ ನೋಡಿದರೆ ಕಿವಿ ಕೆಂಪಗಾಗಿತ್ತು.

“ಸೆಕೆ ಜಾಸ್ತಿ,” ಎಂದ, ನಾನು ಕೇಳದಿದ್ದರೂ.

ನಗು ತಡೆದುಕೊಂಡೆ. ಮನೆಗೆ ಬಂದ ಮೇಲೂ ಆ ಕಿವಿಯದೇ ನೆನಪು. ಆದರೂ ಅನುಮಾನ ಹೋಗಲಿಲ್ಲ. ಲಂಚ ಕೇಳಲು ನಾಚುವವರೂ ಇರುತ್ತಾರಲ್ಲ!

ಶುಕ್ರವಾರ ಬೀಜ ಚೊಕ್ಕಟವಾಗಿತ್ತು. ಅವನು ಪೆನ್ನಿನ ಕ್ಯಾಪ್ ತೆಗೆದ, ಹಾಕಿದ, ಮತ್ತೆ ತೆಗೆದ. ಕೊನೆಗೆ ಕಾಗದವನ್ನು ನನ್ನ ಕಡೆ ಸರಿಸಿದ.

“ನನ್ ಕೈಲಿ ಆಗಲ್ಲ ಮೇಡಂ. ಗುರುವಾರ ಮೈಸೂರಿಂದ ಇನ್ನೊಬ್ರು ಆಫೀಸರ್ ಬತ್ತಾರೆ.”

ಮೈಯೆಲ್ಲ ಉರಿದುಹೋಯಿತು. “ಎಷ್ಟು ಬೇಕು ಏಳ್ಬುಡಿ ಸಾರ್.”

ಅವನ ಮುಖ ಸಪ್ಪಗಾಯಿತು. ಕಾಗದವನ್ನು ಮತ್ತೆ ತನ್ನ ಕಡೆ ಎಳೆದುಕೊಂಡ.

“ದುಡ್ಡಲ್ಲ ಕಣ್ರೀ ಪ್ರಮೀಳಾ. ನಿಮ್ ಮೇಲೆ ಮನಸಾಗ್ಬುಟ್ಟೈತೆ. ನಂದೊಬ್ಬಂದೇ ಆದ್ರೆ ನುಂಗ್ಕಂಡು ಸೈನ್ ಆಕ್ತೀನಿ. ನಿಮ್ಗೂ ಇದ್ರೆ, ನಮ್ಮನೆ ಬೀಜಕ್ಕೆ ನಾನೇ ಸೈನ್ ಆಕ್ದಂಗಾಯ್ತದೆ. ಅದು ತಪ್ಪು. ಏನೂ ಇಲ್ಲ ಅಂದ್ಬುಡಿ, ಈಗ್ಲೇ ಆಕ್ತೀನಿ.”

ಮೊದಲ ಸಲ ಹೆಸರು ಹಿಡಿದು ಕರೆದಿದ್ದ. ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು. ಎರಡೇ ಮಾತು ಹೇಳಿದರೆ ಸೋಮವಾರದ ವಿಮಾನ, ಬಿತ್ತನೆ, ಎಲ್ಲ ಕೈಗೆ ಸಿಗುತ್ತಿತ್ತು. ಹೇಳಲೆಂದೇ ಬಾಯಿ ತೆರೆದೆ. ಆದರೆ ಅದು ಸುಳ್ಳಾಗುತ್ತಿತ್ತು. ಇವನ ಮೇಲೆ ನನಗೆ ಇಷ್ಟೊಂದು ಆಸೆ ಇತ್ತೆಂದು ನನಗೇ ಗೊತ್ತಿರಲಿಲ್ಲ.

“ಗುರುವಾರ ಎಷ್ಟೊತ್ಗೆ ಬತ್ತಾರೆ ಅವ್ರು?” ಎಂದೆ.