ಫ್ಲೆಕ್ಸ್‌ನಲ್ಲಿ ಸುರಿದ ನೀರು

"ಏ ಶಿವಿ, ಅಲ್ಲಿ ನೋಡಬೇ! ಫ್ಲೆಕ್ಸ್‌ನ್ಯಾಗ ನೀನ ಅದಿ!"

ಅಸದ್ ಬೆರಳು ಮಾಡಿ ತೋರಿಸಿದ. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಅವತ್ತು ಮಕ್ಕಳ ಗ್ರಾಮಸಭೆ. ವರ್ಷಕ್ಕೊಮ್ಮೆ ಪಂಚಾಯ್ತಿಯವರು ಬಂದು ಮಕ್ಕಳ ಮಾತು ಕೇಳುವ ದಿನ.

ಅವರ ಕುರ್ಚಿಗಳ ಹಿಂದೆ ದೊಡ್ಡ ಫ್ಲೆಕ್ಸ್. ಅದರಲ್ಲಿ ಐದನೇ ಕ್ಲಾಸಿನ ಶಿವಕುಮಾರಿ ನಳದ ಕೆಳಗೆ ಕೊಡ ಹಿಡಿದು ನಗುತ್ತಿದ್ದಳು. ನಳದಿಂದ ನೀರು ಧೋ ಎಂದು ಸುರಿಯುತ್ತಿತ್ತು. ಮೇಲೆ ಕೆಂಪು ಅಕ್ಷರ: 'ಶಾಲೆಗೆ ಬಂತು ನೀರು!'

"ಭಾರಿ ಹೀರೋಯಿನ್ ಕಂಡಂಗ ಕಾಣ್ತಿ," ಎಂದ ಅಸದ್.

ಶಿವಕುಮಾರಿಗೆ ನಗು ಬರಲಿಲ್ಲ. ಅಂಗಳದ ಮೂಲೆಯಲ್ಲಿ ನಿಜವಾದ ನಳ ಒಣಗಿ ನಿಂತಿತ್ತು. ಅವಳ ಅವ್ವ ಕನಕಮ್ಮ ಗೇಟಿನೊಳಗೆ ಬರುತ್ತಿದ್ದಳು, ಸೊಂಟದ ಮೇಲೆ ಕೊಡ. ಬಿಸಿಯೂಟದ ಅಡುಗೆ ಅವ್ವನದೇ. ನೀರು ತರಲು ಬಸ್‌ಸ್ಟ್ಯಾಂಡಿನ ಆಚೆಯ ಬೋರಿಂಗಿಗೆ ಹೋಗಬೇಕು.

ಒಂದು ತಿಂಗಳ ಹಿಂದೆ ಗುತ್ತೇದಾರ ಬಂದು ಆ ನಳ ನೆಟ್ಟಿದ್ದ. "ಒಂದ ಫೋಟೊ ಅಷ್ಟ. ನೀರು ಮುಂದಿನ ವಾರ ಬರ್ತಾವ," ಅಂದಿದ್ದ. ಗೋಡೆಯ ಹಿಂದೆ ಡ್ರಮ್ ಮೇಲೆ ಅಸದ್‌ನನ್ನು ಹತ್ತಿಸಿ, ನಳಕ್ಕೆ ಸಿಕ್ಕಿಸಿದ್ದ ಪೈಪಿನೊಳಗೆ ನೀರು ಸುರಿಸಿದ್ದ. ಮುಂದೆ ಶಿವಕುಮಾರಿಯನ್ನು ನಿಲ್ಲಿಸಿದ್ದ. ಇಬ್ಬರಿಗೂ ಎರಡೆರಡು ಚಾಕ್ಲೇಟ್ ಕೊಟ್ಟು, ಆ ಪೈಪು ಬಿಚ್ಚಿಕೊಂಡು ಹೋಗಿದ್ದ. ಆಮೇಲೆ ನೀರೂ ಬರಲಿಲ್ಲ, ಅವನೂ ಬರಲಿಲ್ಲ.

ಪಂಚಾಯ್ತಿಯ ಅಧಿಕಾರಿ ಮೈಕ್ ಹಿಡಿದರು.

"ಈ ಶಾಲಿಗೆ ನೀರಿನ ಕೆಲಸ ಮುಗದೈತಿ. ಇವತ್ತ ಠರಾವು ಬರದು, ಅಧ್ಯಕ್ಷರ ಸಹಿ ತಗೊಂಡು, ಫೈಲ್ ಬಂದ್ ಮಾಡ್ತೀವಿ."

ಫೈಲ್ ಬಂದ್ ಆದರೆ ಇಲ್ಲಿಗೆ ಮತ್ತೆ ಯಾರೂ ಬರುವುದಿಲ್ಲ. ಅಷ್ಟು ಶಿವಕುಮಾರಿಗೂ ಗೊತ್ತಾಯಿತು.

ಪ್ರಶ್ನೆ ಕೇಳುವ ಮಕ್ಕಳಿಗೆ ಹೆಡ್‌ಮಾಸ್ಟರ್ ಹಂಪಣ್ಣ ಸರ್ ಮೊದಲೇ ಚೀಟಿ ಬರೆದು ಕೊಟ್ಟಿದ್ದರು. ಅವಳ ಚೀಟಿಯಲ್ಲಿ 'ಆಟದ ಸಾಮಾನು ಯಾವಾಗ ಕೊಡುತ್ತೀರಿ?' ಎಂದಿತ್ತು. ಅವಳ ಸರದಿ ಬಂತು. ಎದ್ದು ನಿಂತಳು. ಚೀಟಿ ಬಿಡಿಸಲೇ ಇಲ್ಲ.

"ಸರ್, ಆ ಫೋಟೊದಾಗಿನ ನೀರು ಖರೇ ಅಲ್ರೀ."

ಮಕ್ಕಳು ಗೊಳ್ಳೆಂದರು. ಅಧಿಕಾರಿ ಫ್ಲೆಕ್ಸ್ ಕಡೆ ತಿರುಗಿ ನೋಡಿದರು.

"ಇದರಾಗ ಇರಾಕಿ ನೀನ ಅಲ್ಲೇನಮ್ಮ?"

"ನಾನ ರೀ."

"ಹಂಗಾದ್ರ ಆವಾಗ ಸುಳ್ಳು ಹೇಳಿದ್ಯೋ, ಈಗ ಹೇಳಾಕತ್ತೀಯೋ?"

ಹಂಪಣ್ಣ ಸರ್ ನೆಲ ನೋಡಿದರು. ಅಡುಗೆ ಕೋಣೆಯ ಬಾಗಿಲಲ್ಲಿ ಅವ್ವ 'ಕೂಡು, ಕೂಡು' ಎಂದು ಕೈಸನ್ನೆ ಮಾಡುತ್ತಿದ್ದಳು. ಶಿವಕುಮಾರಿ ಕೂರಲಿಲ್ಲ.

"ಆವಾಗ್ರೀ," ಎಂದಳು. "ಆವಾಗ ಸುಳ್ಳು."

ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿ ಅಸದ್ ಎದ್ದು ನಿಂತ.

"ನೀರು ಸುರದಾಂವ ನಾನ್ರೀ ಸರ್. ಗ್ವಾಡಿ ಹಿಂದ ಡ್ರಮ್ ಮ್ಯಾಲೆ ನಿಂತು. ಚಾಕ್ಲೇಟ್ ಭೀ ತಿಂದೀವ್ರಿ."

ಈಗ ಎದ್ದ ನಗು ಫ್ಲೆಕ್ಸ್ ಕಡೆಗಿತ್ತು. ಅಧ್ಯಕ್ಷೆ ಶೇಖರಮ್ಮ ನಗಲಿಲ್ಲ. ಕುರ್ಚಿ ಬಿಟ್ಟೆದ್ದು ಸೀದಾ ಮೂಲೆಯ ನಳದ ಹತ್ತಿರ ಹೋದರು. ತಿರುವಿದರು. ಒಂದು ಹನಿಯೂ ಇಲ್ಲ. ಹಿಡಿದು ಅಲ್ಲಾಡಿಸಿದರು. ನಳ ಕಂಬದ ಸಮೇತ ಕಿತ್ತು ಅವರ ಕೈಗೇ ಬಂತು.

"ಇದಕ್ಕ ಕೆಳಗ ಪೈಪ ಇಲ್ಲಲ್ರೀ ಸಾಹೇಬ್ರ!"

ಅಧಿಕಾರಿ ಕರ್ಚೀಫ್ ತೆಗೆದು ಮುಖ ಒರೆಸಿಕೊಂಡರು. ಶೇಖರಮ್ಮ ಅಡುಗೆ ಕೋಣೆಯ ಕಡೆ ತಿರುಗಿದರು.

"ದಿನಾ ಎಷ್ಟು ಕೊಡ ತರ್ತೀಯವಾ?"

ಕನಕಮ್ಮ ಮೊದಲು ಹಂಪಣ್ಣ ಸರ್ ಕಡೆ ನೋಡಿದಳು. ಆಮೇಲೆ ಮಗಳ ಕಡೆ.

"ಹದಿನೆಂಟ್ರೀ."

"ನಾನೂ ನೋಡಲಾರದನ ಸಹಿ ಹಾಕ್ತಿದ್ದೆ," ಎಂದರು ಶೇಖರಮ್ಮ. "ಆ ಠರಾವು ಹೊಡದು ಹಾಕ್ರಿ. ನಳ ಐತಿ, ನೀರಿಲ್ಲ ಅಂತ ಬರೀರಿ. ಹದಿನೈದು ದಿನದಾಗ ಪೈಪ್ ಕೂಡಸ್ಬೇಕು ಅಂತಾನೂ ಬರೀರಿ."

ಸಂಜೆ ಮನೆಗೆ ನಡೆಯುವಾಗ ಅವ್ವ ಬೈಯಲಿಲ್ಲ. "ಅಷ್ಟು ಮಂದ್ಯಾಗ ಹೆದರಿಕಿ ಆಗ್ಲಿಲ್ಲೇನಬೇ?" ಎಂದು ಕೇಳಿದಳು.

"ಆತು," ಎಂದಳು ಶಿವಕುಮಾರಿ.

ಹದಿನೈದು ದಿನ ಕಳೆದವು. ಯಾರೂ ಬರಲಿಲ್ಲ. ಹದಿನಾರನೇ ದಿನ ಶಾಲೆ ಬಿಟ್ಟ ಮೇಲೆ ಶಿವಕುಮಾರಿ, ಅಸದ್ ಪಂಚಾಯ್ತಿ ಬಾಗಿಲಲ್ಲಿ ನಿಂತರು. "ನಾಳೆ ಬರ್ರಿ," ಎಂದ ಜವಾನ. ಹೋದರು. ಮರುದಿನವೂ ಹೋದರು. ಜವಾನನಿಗೆ ಬೇಸರವಾಗಿ, ಅವರಿಬ್ಬರನ್ನೂ ಶೇಖರಮ್ಮನ ಮುಂದೆಯೇ ನಿಲ್ಲಿಸಿದ.

ಇಪ್ಪತ್ತನೇ ದಿನ ಮುಂಜಾನೆ ಅಗೆಯುವ ಸದ್ದು ಕೇಳಿತು.

ಮುಖ್ಯ ರಸ್ತೆಯಿಂದ ಶಾಲೆಯವರೆಗೆ ಕಾಲುವೆಯಂತೆ ಮಣ್ಣು ತೋಡಿದ್ದರು. ಊಟದ ಬೆಲ್ ಹೊಡೆದದ್ದೇ ಶಿವಕುಮಾರಿ, ಅಸದ್ ಓಡಿಬಂದು ಮಣ್ಣಿನ ಗುಡ್ಡೆಯ ಮೇಲೆ ಕುಳಿತರು. ಗುಂಡಿಯೊಳಗಿದ್ದ ಪೈಪಿನವನು ತಲೆ ಎತ್ತಿದ.

"ಏನ್ ಬೇಕು ನಿಮಗ? ಹೋಗ್ರಿ, ಊಟ ಮಾಡ್ರಿ."

"ಪೈಪ್ ಕೂಡಸೂದು ನೋಡಿ ಹೋಗ್ತೀವ್ರೀ ಅಣ್ಣಾ," ಎಂದಳು ಶಿವಕುಮಾರಿ.

"ಮಣ್ಣಾಗ ಏನ್ ನೋಡ್ತೀಯವಾ? ಆಮ್ಯಾಲೆ ಮ್ಯಾಲಿನ ನಳ ನೋಡುವಂತಿ."

ಅವಳು ಏಳಲಿಲ್ಲ. ಹೋದ ಸಲ ಅವಳು ಮೇಲಿನದನ್ನಷ್ಟೇ ನೋಡಿದ್ದಳು.

ಅವನು ಇಬ್ಬರನ್ನೂ ಒಂದು ಗಳಿಗೆ ನೋಡಿದ. ಆಮೇಲೆ ಅವರಿಗೆ ಕಾಣುವಂತೆ ಸ್ವಲ್ಪ ಸರಿದು ಕುಳಿತು, ಪೈಪಿನ ತುದಿಗೆ ಅಂಟು ಹಚ್ಚತೊಡಗಿದ.