ಎಂಟು ದೋಸೆಯ ಲೆಕ್ಕ

"ಅಬ್ಬಾ, ಪೆನ್ ಡ್ರೈವ್ ಇಲ್ಲ!"

ಮಗಳ ದನಿಗೆ ಫಕ್ರುದ್ದೀನನ ಕೈಯಿಂದ ಸ್ಪ್ಯಾನರ್ ಜಾರಿತು. ದಾದರ್ ಸ್ಟೇಷನ್ ಪಕ್ಕದ ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ ಅವನು ಗ್ರೈಂಡರ್ ರಿಪೇರಿಗೆ ಕೂತಿದ್ದ. ಬೆನ್ನ ಹಿಂದೆ ಅಗಲವಾದ ಕಾವಲಿಯ ಮೇಲೆ ಶೆಟ್ಟೆಪ್ಪ ಹೊಯ್ದ ಎಂಟು ದೋಸೆಗಳು ಒಟ್ಟಿಗೇ ಚುಂಯ್‌ಗುಡುತ್ತಿದ್ದವು. ಇಬ್ಬರು ಸಹಪಾಠಿಗಳ ಜೊತೆ ಮಹಡಿಯ ಟೇಬಲ್ಲಿಗೆ ಬಂದಿದ್ದ ತಹಮೀನಾ, ಬ್ಯಾಗನ್ನು ಅಲ್ಲೇ ಬಿಟ್ಟು ಹನ್ನೆರಡಕ್ಕೆ ಕೆಳಗಿಳಿದು ಅಪ್ಪನ ಮುಂದೆ ಭಾಷಣ ಒಪ್ಪಿಸಿದ್ದಳು. ಹನ್ನೆರಡು ಇಪ್ಪತ್ತೈದಕ್ಕೆ ಮೇಲೆ ಹೋದರೆ ಬ್ಯಾಗ್ ಬಾಯಿ ತೆರೆದಿತ್ತು. ಲ್ಯಾಪ್‌ಟಾಪ್ ಇದ್ದಲ್ಲೇ ಇತ್ತು.

ಎರಡು ಗಂಟೆಗೆ ಕಾಲೇಜಿನ ಸ್ಪರ್ಧೆಯಲ್ಲಿ ಅವಳ ಸರದಿ. ಪ್ಯಾರಲಲ್ ಕಂಪ್ಯೂಟಿಂಗ್ ನಿತ್ಯದ ಬದುಕಿಗೆ ಹೇಗೆ ಒದಗುತ್ತದೆಂದು ತೋರಿಸಬೇಕಿತ್ತು. ಮುಂಬಯಿಯನ್ನು ಚೂರುಗಳಾಗಿ ಹಂಚಿ, ಒಂದೊಂದರ ಮಳೆ ಲೆಕ್ಕವನ್ನು ಒಂದೊಂದು ಕಂಪ್ಯೂಟರಿಗೆ ಕೊಟ್ಟು, ಎಲ್ಲವನ್ನೂ ಏಕಕಾಲಕ್ಕೆ ಓಡಿಸಿ, ಆಂಟಾಪ್ ಹಿಲ್‌ನ ಯಾವ ಗಲ್ಲಿಗೆ ಯಾವಾಗ ನೀರು ನುಗ್ಗೀತೆಂದು ಆರು ತಿಂಗಳು ಕೂತು ಕಂಡುಕೊಂಡಿದ್ದಳು. ಗೆದ್ದವರಿಗೆ ಸಂಶೋಧನಾ ತಂಡದಲ್ಲಿ ಜಾಗ, ಅದೂ ಒಂದೇ ಒಂದು. ಎಲ್ಲವನ್ನೂ ಆ ಪೆನ್ ಡ್ರೈವಿಗೇ ತುಂಬಿ, ಲ್ಯಾಪ್‌ಟಾಪಿನಲ್ಲೂ ಇನ್ನೊಂದು ಪ್ರತಿ ಇಟ್ಟುಕೊಳ್ಳದ ಪೆದ್ದುತನಕ್ಕೆ ಹುಡುಗಿ ತನ್ನನ್ನೇ ಬೈದುಕೊಂಡು ಅಳುತ್ತಿದ್ದಳು.

ಫಕ್ರುದ್ದೀನ ಓಡಿದ್ದು ಶೀಲಾವತಿಯ ಬಳಿಗೆ. ಹೋಟೆಲಿನ ಮಾಳಿಗೆಯಲ್ಲೇ ವಾಸ, ಬಾಗಿಲ ಬಳಿಯ ಕೌಂಟರಿನಲ್ಲಿ ಕೆಲಸ. ಕಳುವಾದ ಚಪ್ಪಲಿಯಿಂದ ಕಾಣೆಯಾದ ಅಳಿಯನವರೆಗೆ ಎಲ್ಲವನ್ನೂ ಪತ್ತೆ ಮಾಡಿಕೊಟ್ಟ ಹೆಂಗಸು.

"ಅಕ್ಕಾರ, ಇದು ಶಂಕ್ರೆಪ್ಪಂದ ಕೆಲಸ. ಮ್ಯಾಲಿನ ಟೇಬಲ್ ನೋಡಾಂವ ಅಂವೊಬ್ಬನ."

"ಮಾಣಿ ಆದ ಕೂಡ್ಲೇ ಕಳ್ಳ ಆಗ್ತಾನಾ ಮಾರಾಯ್ರೆ? ಎಲ್ಲರನ್ನೂ ಮೇಲೆ ಕೂಡಿಸಿ."

ಗಡಿಯಾರ ನಿಲ್ಲುವಂತಿರಲಿಲ್ಲ. ಫಕ್ರುದ್ದೀನನಿಗೆ ಕೂತಲ್ಲಿ ಕೂರಲಾಗಲಿಲ್ಲ.

"ನಾ ತಾಟ ಮುಟ್ಟೇನ್ರಿ, ಬ್ಯಾಗ್ ಮುಟ್ಟಿಲ್ಲ!" ಎಂದು ಶಂಕ್ರೆಪ್ಪ ಕೇಳುವ ಮೊದಲೇ ಬಡಬಡಿಸಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ, ಎಂದುಕೊಂಡ ಫಕ್ರುದ್ದೀನ. ಸಹಪಾಠಿ ವಿನೋದಿನಿ ತಾನು ಫುಟ್‌ಪಾತಿನಲ್ಲಿ ಫೋನಿನಲ್ಲಿದ್ದೆ ಎಂದಳು. ಇನ್ನೊಬ್ಬ ಸಹಪಾಠಿ ಮನೀಶ್, ತೊಡೆಯ ಮೇಲೆ ಮೂರು ಗಂಟು ಬಿಗಿದ ಪಾರ್ಸೆಲ್ ಇಟ್ಟುಕೊಂಡಿದ್ದ.

"ನಾನು ತೋ ಕೆಳಗೆ ಪಾರ್ಸೆಲ್ ಕಿಟಕಿ ಹತ್ರ ಇದ್ದೆ, ಆಂಟಿ. ಭೂಖ್ ಇತ್ತು ಬಹಳ. ಹನ್ನೆರಡಕ್ಕೆ ಆರ್ಡರ್ ಕೊಟ್ಟೆ. ನನ್ನ ದೋಸೆ ಎಂಟನೇದು. ಒಂದಕ್ಕೆ ಥ್ರೀ ಮಿನಿಟ್ಸ್. ಟ್ವೆಂಟಿಫೋರ್ ಮಿನಿಟ್ಸ್ ಅಲ್ಲೇ ಹೋಯ್ತು ನಾ."

ಶೀಲಾವತಿ ನಕ್ಕಳು.

"ಮಗ್ಗಿ ಸರಿ ಉಂಟು ಮಗಾ, ಕಾವಲಿ ಬೇರೆ. ನಮ್ಮ ಶೆಟ್ಟೆಪ್ಪ ಒಂದೊಂದೇ ದೋಸೆ ಹೊಯ್ಯುವುದಿಲ್ಲ. ಎಂಟೂ ಒಟ್ಟಿಗೆ. ನಿನ್ನದು ಮೂರೇ ನಿಮಿಷಕ್ಕೆ ಬಂದಿರ್ತದೆ. ಉಳಿದ ಇಪ್ಪತ್ತೊಂದು ನಿಮಿಷ ಎಲ್ಲಿದ್ದೆ?"

ಮನೀಶ್ ಪಾರ್ಸೆಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ.

"ವಿನೋದಿನಿ ಹೊರಗೆ ತಿರುಗಾಡ್ತಾ ಇದ್ದದ್ದು ನಾನೇ ನೋಡಿದ್ದೇನೆ. ಶಂಕ್ರೆಪ್ಪ ಕಳ್ಳ ಆದ್ರೆ ಲ್ಯಾಪ್‌ಟಾಪ್ ಬಿಟ್ಟು ಆ ಕಡ್ಡಿ ಯಾಕೆ ತೆಗೀತಾನೆ? ಅದು ಬೇಕಾಗುವುದು ಅದೇ ಜಾಗಕ್ಕೆ ನಿಂತವರಿಗೆ. ಮತ್ತೆ, ನಮ್ಮಲ್ಲಿ ಪಾರ್ಸೆಲಿಗೆ ಒಂದೇ ಗಂಟು. ಇದಕ್ಕೆ ಮೂರು. ಭೂಖ್ ಅಂದವ ಬಿಚ್ಚಿ ತಿನ್ನುವುದು ಬಿಟ್ಟು ಇನ್ನೆರಡು ಗಂಟು ಹಾಕ್ತಾನಾ? ಬಿಚ್ಚು!"

ಬಾಳೆಯೆಲೆಯೊಳಗೆ, ತಣ್ಣಗಾದ ದೋಸೆಯ ಪಕ್ಕ, ಟಿಶ್ಯೂ ಸುತ್ತಿದ ಪೆನ್ ಡ್ರೈವ್ ಇತ್ತು.

"ಸಾರಿ... ಆ ಸೀಟ್ ಅವಳಿಗೇ ಸಿಗ್ತಿತ್ತು," ಎಂದ ಮನೀಶ್.

"ಒಟ್ಟಿಗೆ ಬೇಯುವುದನ್ನೇ ವರ್ಷವಿಡೀ ಓದಿ, ಸುಳ್ಳು ಹೇಳುವಾಗ ಒಂದೊಂದೇ ಎಣಿಸಿದೆಯಲ್ಲ!" ಎಂದಳು ಶೀಲಾವತಿ.

ಫಕ್ರುದ್ದೀನನಿಗೆ ನಾಚಿಕೆಯಾಯಿತು. ಶಂಕ್ರೆಪ್ಪನ ಎರಡೂ ಕೈ ಹಿಡಿದುಕೊಂಡ. "ತಪ್ಪಾತೋ ತಮ್ಮಾ. ಮಗಳ ಚಿಂತ್ಯಾಗ ಕಣ್ಣ ಕಾಣಲಿಲ್ಲ."

ಸಂಜೆ ಆ ಜಾಗ ತಹಮೀನಾಗೇ ಸಿಕ್ಕಿತು. ಫಕ್ರುದ್ದೀನನಿಗೆ ಮಾತ್ರ ನೆನಪುಳಿದದ್ದು ಅವಳು ಮಾತು ಶುರುಮಾಡಿದ ಬಗೆ. ಮಳೆಯ ನಕ್ಷೆ ತೋರಿಸುವ ಮೊದಲು ಅವಳು ಹಿಂದಿಯಲ್ಲಿ ಸಭೆಯನ್ನು ಕೇಳಿದ್ದಳು: ಒಂದು ದೋಸೆಗೆ ಮೂರು ನಿಮಿಷ, ಹಾಗಾದರೆ ಎಂಟು ದೋಸೆಗೆ?

ಪ್ರೊಫೆಸರರು ಮುಖ ಮುಖ ನೋಡಿಕೊಂಡರು. ಹಿಂದಿನ ಸಾಲಿನಲ್ಲಿ, ಗ್ರೀಸ್ ಮೆತ್ತಿದ ಅಂಗಿಯಲ್ಲೇ ಫಕ್ರುದ್ದೀನ ಎದ್ದು ನಿಂತುಬಿಟ್ಟಿದ್ದ.

"ಮೂರ ನಿಮಿಷ!"

ಮಗಳ ಓದು ಅವನಿಗೆ ಅರ್ಥವಾದದ್ದು ಅದೇ ಮೊದಲು.